ಕಬ್ಬಿಣದ ಸಂಯುಕ್ತಗಳಿಗೆ ಸರಿಯಾದ ಹೆಸರು ಬರೆಯುವುದು ಹೇಗೆ?

ಕಬ್ಬಿಣದ ಸಂಕೇತ ಎಫ್‌ಇ. ಲ್ಯಾಟಿನ್ನಿನ ಫೆರಮ್‌ನಿಂದ ಬಂದದ್ದು. ಎಫ್ ದೊಡ್ಡಕ್ಷರ, ಇ ಚಿಕ್ಕಕ್ಷರ. ಇ ಬಿಟ್ಟುಹೋದರೆ ಅದು ಫ್ಲೋರಿನ್. ಐರನ್ ಎಂಬ ಹೆಸರು ನೆನೆದು ಐಆರ್ ಎಂದು ಬರೆದರೆ ಇರಿಡಿಯಮ್ ಆಗುತ್ತದೆ.

ಸಂಕೇತ ಸುಲಭ, ಕಷ್ಟವಿರುವುದು ಸಂಯುಕ್ತಗಳ ಹೆಸರಿನಲ್ಲಿ. ಕಬ್ಬಿಣ ಹೆಚ್ಚಾಗಿ +2 ಅಥವಾ +3 ವಿದ್ಯುದಾವೇಶದಲ್ಲಿರುತ್ತದೆ. ಹಳೆಯ ಪದ್ಧತಿಯಲ್ಲಿ +2ಕ್ಕೆ ಫೆರಸ್, +3ಕ್ಕೆ ಫೆರಿಕ್. ಈಗಿನ ಪದ್ಧತಿಯಲ್ಲಿ ಐರನ್(2), ಐರನ್(3). ಆವರಣದೊಳಗಿನ ಅಂಕಿಯನ್ನು ರೋಮನ್ ಅಂಕಿಯಲ್ಲಿ (II, III), ಹೆಸರಿಗೆ ಅಂಟಿಸಿ ಬರೆಯಬೇಕು; ಇಲ್ಲಿ ಓದಲು ಸುಲಭವಾಗಲೆಂದಷ್ಟೇ 2, 3 ಎಂದಿದೆ. ಬಾಟಲಿಯ ಮೇಲೆ ಬರೀ ‘ಐರನ್ ಕ್ಲೋರೈಡ್’ ಎಂದಿದ್ದರೆ ಒಳಗೇನಿದೆ ಎಂದು ಹೇಳಲಾಗದು.

ಆವೇಶ ಕಂಡುಹಿಡಿಯಲು ಕಬ್ಬಿಣವನ್ನು ಬದಿಗಿಟ್ಟು ಉಳಿದವುಗಳ ಲೆಕ್ಕ ಹಾಕಿ. ಎಫ್‌ಇ₂ಓ₃ ತೆಗೆದುಕೊಳ್ಳಿ: ಮೂರು ಆಕ್ಸಿಜನ್, ತಲಾ −2, ಒಟ್ಟು −6. ಸಂಯುಕ್ತದ ಒಟ್ಟು ಆವೇಶ ಸೊನ್ನೆಯಾಗಲು ಎರಡು ಕಬ್ಬಿಣ ಸೇರಿ +6 ಕೊಡಬೇಕು, ಅಂದರೆ ತಲಾ +3. ಹೆಸರು ಐರನ್(3) ಆಕ್ಸೈಡ್. ಆವರಣದ ಅಂಕಿ ಪರಮಾಣುಗಳ ಎಣಿಕೆಯಲ್ಲ, ಆವೇಶ. ಪರೀಕ್ಷೆಯಲ್ಲಿ ಅಂಕ ಕಳೆಯುವ ಗೊಂದಲ ಇದೇ.

ಹೆಸರಿನಿಂದ ಸೂತ್ರ ಬರೆಯುವಾಗ ಆವೇಶಗಳನ್ನು ಅಡ್ಡ ಬದಲಿಸಿ. ಐರನ್(3) ಸಲ್ಫೇಟ್‌ನಲ್ಲಿ ಕಬ್ಬಿಣದ ಆವೇಶ +3, ಸಲ್ಫೇಟಿನದು −2; ಬದಲಿಸಿದರೆ ಕಬ್ಬಿಣ 2, ಸಲ್ಫೇಟ್ 3: ಎಫ್‌ಇ₂(ಎಸ್‌ಓ₄)₃. ಇಲ್ಲಿ ಆವರಣ ಬಿಟ್ಟರೆ ಆಕ್ಸಿಜನ್ 43 ಎಂದು ಓದಿಸಿಕೊಳ್ಳುತ್ತದೆ. ಆದರೆ ಕಾಗದದ ಮೇಲೆ ಸೂತ್ರ ಸರಿಹೊಂದಿತೆಂದ ಮಾತ್ರಕ್ಕೆ ವಸ್ತು ಇರಲೇಬೇಕೆಂದಿಲ್ಲ. ಐರನ್(3) ಅಯೊಡೈಡ್ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ +3 ಕಬ್ಬಿಣವು ಅಯೊಡೈಡನ್ನು ಅಯೊಡಿನ್ ಮಾಡಿ ತಾನು +2ಕ್ಕೆ ಇಳಿಯುತ್ತದೆ.

ಲೆಕ್ಕ ತಪ್ಪುವ ಕಡೆಗಳೂ ಇವೆ. ಮ್ಯಾಗ್ನೆಟೈಟ್, ಎಫ್‌ಇ₃ಓ₄: −8ನ್ನು ಮೂರರಿಂದ ಭಾಗಿಸಿದರೆ ಭಿನ್ನರಾಶಿ ಬರುತ್ತದೆ. ಒಂದು ಕಬ್ಬಿಣ +2, ಎರಡು +3 ಇರುವುದೇ ಕಾರಣ. ಹಾಗಾಗಿ ಹೆಸರು ಐರನ್(2,3) ಆಕ್ಸೈಡ್. ಪೈರೈಟ್, ಎಫ್‌ಇಎಸ್₂, ಇನ್ನೂ ಮೋಸದ್ದು. ಗಂಧಕಕ್ಕೆ ತಲಾ −2 ಹಾಕಿದರೆ ಕಬ್ಬಿಣ +4 ಎಂದಾಗುತ್ತದೆ, ಅದು ತಪ್ಪು. ಎರಡು ಗಂಧಕಗಳು ಒಂದಕ್ಕೊಂದು ಬೆಸೆದುಕೊಂಡು ಜೋಡಿಯಾಗಿ −2 ಹೊತ್ತಿವೆ. ಕಬ್ಬಿಣ +2, ಹೆಸರು ಐರನ್(2) ಡೈಸಲ್ಫೈಡ್.

ಕಬ್ಬಿಣ ಋಣ ಅಯಾನಿನೊಳಗೆ (ಋಣ ಆವೇಶ ಹೊತ್ತ ಕಣದೊಳಗೆ) ಸೇರಿಕೊಂಡಾಗ ಐರನ್ ಎಂಬುದು ಫೆರೇಟ್ ಆಗುತ್ತದೆ. ಪೊಟ್ಯಾಸಿಯಮ್ ಫೆರೊಸಯನೈಡ್‌ನಲ್ಲಿ ಪೊಟ್ಯಾಸಿಯಮ್ 4, ಸಯನೈಡ್ 6. ಅಂದರೆ ತಲಾ +1ರಂತೆ +4, ತಲಾ −1ರಂತೆ −6. ಉಳಿದ +2 ಕಬ್ಬಿಣದ್ದು. ಪೊಟ್ಯಾಸಿಯಮ್ ಹೆಕ್ಸಾಸಯನೋಫೆರೇಟ್(2) ಎಂದು ಬರೆಯಿರಿ. ಪೊಟ್ಯಾಸಿಯಮ್ 3 ಇದ್ದರೆ ಅದು ಫೆರಿಸಯನೈಡ್, ಕೊನೆಯ ಅಂಕಿ 3. ಫೆರೊ, ಫೆರಿ ನಡುವೆ ಒಂದೇ ಸ್ವರದ ವ್ಯತ್ಯಾಸ; ಬಾಟಲಿಗೆ ಚೀಟಿ ಬರೆಯುವಾಗ ಹೊಸ ಹೆಸರೇ ವಾಸಿ.

ಹೆಸರಿನಲ್ಲಿ ಸ್ಫಟಿಕ ಜಲವನ್ನು, ಅಂದರೆ ಹರಳಿನೊಳಗೆ ಸೇರಿಕೊಂಡ ನೀರನ್ನು, ಬಿಡಬೇಡಿ. ಹಸಿರು ಫೆರಸ್ ಸಲ್ಫೇಟ್ ಎಂದರೆ ಐರನ್(2) ಸಲ್ಫೇಟ್ ಹೆಪ್ಟಾಹೈಡ್ರೇಟ್, ಏಳು ನೀರಿನ ಅಣುಗಳಿರುವುದು. ಅದರ ಮೋಲಾರ್ ರಾಶಿ (ಒಂದು ಮೋಲ್ ವಸ್ತುವಿನ ರಾಶಿ) 278 ಗ್ರಾಂ, ಜಲರಹಿತದ್ದು 152 ಗ್ರಾಂ. ಒಂದು ಲೀಟರ್ 0.1 ಮೋಲಾರ್ (ಲೀಟರಿಗೆ 0.1 ಮೋಲ್) ದ್ರಾವಣಕ್ಕೆ ಹೆಪ್ಟಾಹೈಡ್ರೇಟ್ 27.8 ಗ್ರಾಂ ಬೇಕು. ಜಲರಹಿತದ ಲೆಕ್ಕದಲ್ಲಿ 15.2 ಗ್ರಾಂ ತೂಗಿ ಹಾಕಿದರೆ ಸಾರತೆ ಸುಮಾರು 0.055ಕ್ಕೆ ಇಳಿಯುತ್ತದೆ.

ಚೀಟಿ ಸರಿಯಿದ್ದರೂ ಬಣ್ಣ ನೋಡಿ. ಹಸಿರು ಹರಳಿನ ಮೇಲೆ ಹಳದಿ-ಕಂದು ಪದರ ಬಂದಿದ್ದರೆ ಗಾಳಿಯ ಆಕ್ಸಿಜನ್ ತಾಗಿ ಅಷ್ಟು ಭಾಗ +3 ಆಗಿದೆ. ತಿಳಿದ ಸಾರತೆಯ ದ್ರಾವಣ ಹನಿಹನಿಯಾಗಿ ಸೇರಿಸಿ ಪ್ರಮಾಣ ಅಳೆಯುವ ಟೈಟ್ರೇಶನ್‌ಗೆ ಅದನ್ನು ಬಳಸದೆ, ಗಾಳಿಗೆ ಹೆಚ್ಚು ತಾಳುವ ಮೋರ್ ಲವಣ ತೆಗೆದುಕೊಳ್ಳಿ. ಅದರ ಪೂರ್ಣ ಹೆಸರು ಅಮೋನಿಯಮ್ ಐರನ್(2) ಸಲ್ಫೇಟ್ ಹೆಕ್ಸಾಹೈಡ್ರೇಟ್, ಮೋಲಾರ್ ರಾಶಿ 392 ಗ್ರಾಂ.