ಇಟಲಿ ಮನೇಲಿ ಪದೇ ಪದೇ ಕರೆಂಟ್ ಹೋಗ್ತಿದ್ದಿದ್ದು ಹೀಗೆ ಸರಿಯಾಯ್ತು

ನ್ಯೂಜೆರ್ಸಿಯಿಂದ ಬೊಲೊನ್ಯಾಗೆ ಶಿಫ್ಟ್ ಆದ್ಮೇಲೆ ಪೇಪರ್ ಕೆಲಸಕ್ಕಿಂತ ಜಾಸ್ತಿ ತಲೆ ತಿಂದಿದ್ದು ಕರೆಂಟು. ವಾಷಿಂಗ್ ಮೆಷಿನ್ ಓಡ್ತಿರುವಾಗ ಓವನ್ ಹಾಕಿದ್ರೆ ಸಾಕು ಇಡೀ ಮನೆ ಕತ್ತಲೆ, ಒಳಗಿನ ಬ್ರೇಕರ್ ನೋಡಿದ್ರೆ ಎಲ್ಲಾ ಆನ್ ಆಗೇ ಇದೆ! ಟ್ರಿಪ್ ಆಗ್ತಿದ್ದಿದ್ದು ಗ್ರೌಂಡ್ ಫ್ಲೋರಲ್ಲಿರೋ ಮೀಟರು, ಅಲ್ಲಿಗೇ ಹೋಗಿ ಸ್ವಿಚ್ ಎತ್ತಬೇಕು, ಲಿಫ್ಟ್ ಇಲ್ಲದ ಬಿಲ್ಡಿಂಗಲ್ಲಿ ರಾತ್ರಿ ಹೊತ್ತು ಇದು ಬೇಕಾ ಹೇಳಿ.

ವೈರಿಂಗ್ ಸರಿಯಾಗೇ ಇತ್ತು. ಅಮೆರಿಕದಲ್ಲಿ 200 ಆಂಪ್ ಪ್ಯಾನೆಲ್ ಮಾಮೂಲಿ, ಲೋಡ್ ಬಗ್ಗೆ ಯಾರೂ ಯೋಚ್ನೇನೇ ಮಾಡಲ್ಲ, ಇಟಲೀಲಿ ಸಾಮಾನ್ಯ ಮನೆಗೆ ಕರೆಂಟ್ ಕಾಂಟ್ರಾಕ್ಟ್ ಪ್ರಕಾರ ಒಟ್ಟಿಗೆ ಎಳೆಯೋಕೆ ಸಿಗೋದು 3 ಕಿಲೋವ್ಯಾಟ್ ಅಷ್ಟೇ, ಮೇಲೆ 10 ಪರ್ಸೆಂಟ್ ಬಿಡ್ತಾರೆ. ನೀರು ಕಾಯಿಸೋವಾಗ ವಾಷಿಂಗ್ ಮೆಷಿನ್ನೇ ಸುಮಾರು 2 ಎಳೆಯುತ್ತೆ, ಓವನ್ ಇನ್ನೊಂದು 2, ಅಲ್ಲಿಗೆ ಮುಗೀತು. ಬಿಲ್ಲಲ್ಲಿ ‘ಪೊತೆನ್ಸಾ ಇಂಪೆನ್ಯಾತಾ’ ಅಂತ ಇರುತ್ತಲ್ಲ, ಅದೇ ಈ 3 ಕಿಲೋವ್ಯಾಟ್ ಕಾಂಟ್ರಾಕ್ಟ್ ನಂಬರು. ಸಪ್ಲೈಯರ್‌ಗೆ ಫೋನ್ ಮಾಡಿ 4.5 ಮಾಡಿಸ್ಕೊಂಡ್ವಿ, ಒಂದ್ಸಲ ದುಡ್ಡು ಕಟ್ಟಬೇಕು, ಫಿಕ್ಸೆಡ್ ಚಾರ್ಜೂ ಸ್ವಲ್ಪ ಏರುತ್ತೆ, ಡಿಜಿಟಲ್ ಮೀಟರ್ ಆದ್ದರಿಂದ ಯಾರೂ ಮನೆಗೆ ಬರಲಿಲ್ಲ, ದೂರದಿಂದಲೇ ಬದಲಾಯಿಸಿದ್ರು. ಬಾಡಿಗೆ ಮನೆಯಾದ್ರೆ ಕಾಂಟ್ರಾಕ್ಟ್ ಯಾರ ಹೆಸರಲ್ಲಿದೆ ಅಂತ ಮೊದಲು ನೋಡ್ಕೊಳಿ, ಓನರ್ ಹೆಸರಲ್ಲಿದ್ರೆ ಅವರೇ ಕೇಳಬೇಕು.

ಆಮೇಲೆ, ಅಮೆರಿಕದ ಹೇರ್ ಡ್ರೈಯರ್, ರೈಸ್ ಕುಕ್ಕರ್ ಎಲ್ಲಾ 120 ವೋಲ್ಟಿಂದು, ಬರೀ ಪ್ಲಗ್ ಅಡಾಪ್ಟರ್ ಹಾಕಿ ಚುಚ್ಚಬೇಡಿ, ಸುಟ್ಟೋಗುತ್ತೆ. ಬೆಂಗಳೂರಿಂದ ತಂದ ಮಿಕ್ಸಿ ಮಾತ್ರ ಇಲ್ಲಿ ಆರಾಮಾಗಿ ಓಡುತ್ತೆ, ಎರಡೂ ಕಡೆ 230 ವೋಲ್ಟ್ 50 ಹರ್ಟ್ಜ್, ಅದಕ್ಕೆ ಅಡಾಪ್ಟರ್ ಒಂದಿದ್ರೆ ಸಾಕು.