ಓಪನ್‌ಟಿಟಿಡಿಯ ಕ್ಯಾಲೆಂಡರ್ ನಿಧಾನಗೊಳಿಸಿದ ಕಥೆ

ರೈಲು, ಬಸ್ಸುಗಳನ್ನು ಓಡಿಸಿ ಸಾರಿಗೆ ಕಂಪನಿ ಕಟ್ಟುವ ಕಂಪ್ಯೂಟರ್ ಆಟವಾದ ಓಪನ್‌ಟಿಟಿಡಿ ಆಡುವವರಿಗೆಲ್ಲ ಪರಿಚಿತವಾದ ಒಂದು ಸಂಕಟವಿದೆ. ಆಟದ ಒಂದು ದಿನ ಸುಮಾರು ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಒಂದು ವರ್ಷ ಹನ್ನೆರಡು ಹದಿಮೂರು ನಿಮಿಷದಲ್ಲಿ. ಒಂದು ಜಂಕ್ಷನ್ನಿನ ಸಿಗ್ನಲ್‌ಗಳನ್ನು ಮನಸ್ಸಿಗೆ ಒಪ್ಪುವಂತೆ ಕೂರಿಸುವಷ್ಟರಲ್ಲಿ ಎರಡು ಮೂರು ವರ್ಷ ಸರಿದಿರುತ್ತವೆ. ಪ್ರೀತಿಯಿಂದ ಕೊಂಡ ಉಗಿ ಎಂಜಿನ್ ನಾಲ್ಕಾರು ಊರುಗಳನ್ನು ಸೇರಿಸುವ ಮೊದಲೇ ಹಳೆಯದಾಗಿ, ಡೀಸೆಲ್ ಎಂಜಿನ್‌ಗಳ ಜಾಹೀರಾತು ಪರದೆಯ ಮೇಲೆ ಬಂದುಬಿಡುತ್ತದೆ. ರೈಲುಗಳ ವೇಗ ಇದ್ದಷ್ಟೇ ಇರಬೇಕು, ಕ್ಯಾಲೆಂಡರ್ ಮಾತ್ರ ನಿಧಾನವಾಗಿ ತಿರುಗಬೇಕು ಎಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ನಾನು ಆಗ ಆಡುತ್ತಿದ್ದುದು 2021ರಲ್ಲಿ ಬಿಡುಗಡೆಯಾದ 12ನೆಯ ಆವೃತ್ತಿ. ಅದರಲ್ಲಿ ಇಂಥ ಸೌಲಭ್ಯ ಇರಲಿಲ್ಲ. ಇಲ್ಲದ್ದನ್ನು ಸೇರಿಸಿಕೊಳ್ಳಲು ಮೂಲಸಂಕೇತ, ಅಂದರೆ ಆಟವನ್ನು ಬರೆದ ಪ್ರೋಗ್ರಾಂ ಸಾಲುಗಳು (ಸೋರ್ಸ್ ಕೋಡ್), ಮಾತ್ರ ಎದುರಿಗೆ ತೆರೆದಿತ್ತು.

ಈ ಆಟದ ಮೂಲ ಕ್ರಿಸ್ ಸಾಯರ್ ಅವರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್, 1995ರದ್ದು. ಲುಡ್ವಿಗ್ ಸ್ಟ್ರಿಗಿಯಸ್ ಅವರು ಅದರ ಯಂತ್ರಸಂಕೇತವನ್ನು ಬಿಚ್ಚಿ ಓದಿ, ಸಿ ಭಾಷೆಯಲ್ಲಿ ಹೊಸದಾಗಿ ಬರೆದು, 2004ರಲ್ಲಿ ಹೊರಗಿಟ್ಟರು. ಈಗ ಅದು ಸಿ++ ಭಾಷೆಯಲ್ಲಿದೆ, ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಯಡಿ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹೀಗೆ ಹಂಚಿಕೊಂಡ ತಿದ್ದುಪಡಿಗಳಲ್ಲಿ ಎಷ್ಟೋ ಮುಂದೆ ಮೂಲ ಆಟಕ್ಕೇ ಸೇರಿವೆ. ಒಂದೇ ಹಳಿಯಲ್ಲಿ ಹಲವು ರೈಲುಗಳು ತಮ್ಮ ತಮ್ಮ ದಾರಿಯನ್ನು ಕಾದಿರಿಸಿಕೊಂಡು ಸಾಗುವ ಪಾತ್ ಸಿಗ್ನಲ್ ಕೂಡ ಮೊದಲು ಒಂದು ಪ್ಯಾಚ್, ಅಂದರೆ ಯಾವ ಸಾಲನ್ನು ಹೇಗೆ ತಿದ್ದಬೇಕು ಎಂದು ಬರೆದಿಟ್ಟ ಕಡತ, ಆಗಿಯೇ ಓಡಾಡಿಕೊಂಡಿತ್ತು.

ಪ್ಯಾಚ್ ಹಚ್ಚುವ ಮೊದಲು ನಾನು ಮೂಲಸಂಕೇತವನ್ನು ಏನೂ ಮುಟ್ಟದೆ ಕಂಪೈಲ್ ಮಾಡುತ್ತೇನೆ, ಅಂದರೆ ಅದರಿಂದ ಓಡುವ ಆಟವನ್ನು ಕಟ್ಟುತ್ತೇನೆ. ಇದನ್ನು ಬಿಟ್ಟು ಮುಂದೆ ಹೋಗಬಾರದು ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ. ಆಮೇಲೆ ದೋಷ ಬಂದಾಗ ಅದು ಪ್ಯಾಚಿನದೋ, ನಮ್ಮ ಯಂತ್ರದಲ್ಲಿ ಇಲ್ಲದ ಯಾವುದೋ ಲೈಬ್ರರಿಯದೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಉಬುಂಟು ಲಿನಕ್ಸ್‌ನಲ್ಲಿ ಸಿ++ ಕಂಪೈಲರ್, ಕಟ್ಟುವ ಕೆಲಸಕ್ಕೆ ಸಿದ್ಧತೆ ಮಾಡುವ ಸಿಮೇಕ್, ಮೂಲಸಂಕೇತದ ಬದಲಾವಣೆಗಳ ದಾಖಲೆ ಇಡುವ ಗಿಟ್ ಬೇಕು. ಜೊತೆಗೆ ಎಸ್‌ಡಿಎಲ್2, ಜ಼ಡ್‌ಲಿಬ್, ಎಲ್‌ಜ಼ಡ್‌ಎಂಎ, ಪಿಎನ್‌ಜಿ, ಫ್ರೀಟೈಪ್, ಫಾಂಟ್‌ಕಾನ್ಫಿಗ್ ಲೈಬ್ರರಿಗಳು ಬೇಕು. ಇವುಗಳ ಹೆಸರಿನ ಕೊನೆಯಲ್ಲಿ 'ಡೆವ್' ಎಂದಿರುವ ಪ್ಯಾಕೇಜನ್ನೇ ಹಾಕಿಕೊಳ್ಳಬೇಕು. ಆಟ ಓಡಲು ಸಾಕಾಗುವ ಪ್ಯಾಕೇಜಿನಲ್ಲಿ ಕಂಪೈಲ್‌ಗೆ ಬೇಕಾದ ಹೆಡರ್ ಕಡತಗಳು ಇರುವುದಿಲ್ಲ. 'ಬಿಲ್ಡ್' ಎಂಬ ಬೇರೆ ಫೋಲ್ಡರ್ ಮಾಡಿ, ಅದರೊಳಗಿಂದ ಸಿಮೇಕ್ ಓಡಿಸಿ, ಆಮೇಲೆ ಮೇಕ್ ಕೊಟ್ಟರೆ ಸಾಕು. ಹೀಗೆ ಬೇರೆ ಫೋಲ್ಡರಿನಲ್ಲಿ ಕಟ್ಟಿದರೆ ಮೂಲಸಂಕೇತದ ಫೋಲ್ಡರ್ ಶುಚಿಯಾಗಿ ಉಳಿಯುತ್ತದೆ, ಏನಾದರೂ ಕೆಟ್ಟರೆ 'ಬಿಲ್ಡ್' ಅನ್ನು ಅಳಿಸಿ ಮತ್ತೆ ಕಟ್ಟಬಹುದು. ಸಿಮೇಕ್ ಉಗುಳುವ ಸಾಲುಗಳನ್ನು ಮಾತ್ರ ನಿಧಾನವಾಗಿ ಓದಿ. ಒಂದು ಲೈಬ್ರರಿ ಸಿಗದಿದ್ದರೂ ಅದು ಎಷ್ಟೋ ಸಲ ಕೆಲಸ ನಿಲ್ಲಿಸುವುದಿಲ್ಲ. ಆ ಸೌಲಭ್ಯವನ್ನು ಸುಮ್ಮನೆ ಕೈಬಿಟ್ಟು ಮುಂದುವರಿಯುತ್ತದೆ. ಎಲ್‌ಜ಼ಡ್‌ಎಂಎ ಇಲ್ಲದೆ ಕಟ್ಟಿದ ಆಟ ಚೆನ್ನಾಗಿಯೇ ಓಡುತ್ತದೆ, ಆದರೆ ಬೇರೆಯವರು ಉಳಿಸಿಕೊಟ್ಟ ಆಟವನ್ನು ತೆರೆಯಲು ಹೋದಾಗ ತೊಡಕು ಕಾಣಿಸುತ್ತದೆ.

ಕ್ಯಾಲೆಂಡರ್ ನಿಧಾನಗೊಳಿಸಲು ನನ್ನ ಕೈಗೆ ಸಿಕ್ಕ ಪ್ಯಾಚ್ ಹಳೆಯದು. ಓಪನ್‌ಟಿಟಿಡಿ ತನ್ನ ಮೂಲಸಂಕೇತವನ್ನು ಗಿಟ್‌ನಂಥದ್ದೇ ಹಳೆಯ ವ್ಯವಸ್ಥೆಯಾದ ಸಬ್‌ವರ್ಷನ್‌ನಲ್ಲಿ ಇಟ್ಟುಕೊಂಡಿದ್ದ ಕಾಲದ್ದು. 2018ರಲ್ಲಿ ಯೋಜನೆ ಗಿಟ್‌ಗೆ ಬಂದಿತು. ಈ ವ್ಯತ್ಯಾಸ ಕಡತದ ಮೊದಲ ಸಾಲುಗಳಲ್ಲೇ ಕಾಣುತ್ತದೆ. ಗಿಟ್‌ನಿಂದ ತೆಗೆದ ಪ್ಯಾಚ್‌ನಲ್ಲಿ ಕಡತದ ಹೆಸರಿನ ಮುಂದೆ 'ಎ' ಮತ್ತು 'ಬಿ' ಎಂಬ ಹುಸಿ ಫೋಲ್ಡರ್‌ಗಳಿರುತ್ತವೆ, ಆದ್ದರಿಂದ ಪ್ಯಾಚ್ ಕಡತವನ್ನು ಹಚ್ಚುವ 'ಪ್ಯಾಚ್' ಎಂಬ ಆದೇಶಕ್ಕೆ 'ಪಿ1' ಎಂದು ಹೇಳಿ ಹೆಸರಿನ ಒಂದು ಮೆಟ್ಟಿಲನ್ನು ಕಳೆಯಬೇಕು. ಸಬ್‌ವರ್ಷನ್ ಪ್ಯಾಚ್‌ನಲ್ಲಿ ಅವು ಇರುವುದಿಲ್ಲ, ಅದಕ್ಕೆ 'ಪಿ0'. ಪ್ಯಾಚ್ ಹತ್ತುತ್ತಿಲ್ಲ ಎಂದು ಕೈಚೆಲ್ಲುವವರಲ್ಲಿ ಬಹಳ ಮಂದಿ ಎಡವುವುದು ಈ ಒಂದು ಅಂಕೆಯಲ್ಲಿ. ಇನ್ನು ಕೆಲವರನ್ನು ಕಾಡುವುದು ವಿಂಡೋಸ್‌ನಲ್ಲಿ ಉಳಿಸಿದ ಕಡತದ ಸಾಲುಕೊನೆಯ ಗುರುತುಗಳು. ಡಾಸ್2ಯುನಿಕ್ಸ್ ಒಮ್ಮೆ ಓಡಿಸಿದರೆ ಅದು ಬಗೆಹರಿಯುತ್ತದೆ.

ನಾನು ಯಾವಾಗಲೂ ಮೊದಲು 'ಡ್ರೈ ರನ್' ಮಾಡುತ್ತೇನೆ. ಕಡತಗಳನ್ನು ಮುಟ್ಟದೆ, ಏನಾಗಬಹುದು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಅದರ ಉತ್ತರವನ್ನು ಅರ್ಥಮಾಡಿಕೊಳ್ಳಬೇಕಾದರೆ ಪ್ಯಾಚ್ ಆದೇಶ ಹೇಗೆ ಜಾಗ ಹುಡುಕುತ್ತದೆ ಎಂಬುದು ತಿಳಿದಿರಬೇಕು. ಪ್ಯಾಚ್ ಕಡತದ ಪ್ರತಿ ತುಣುಕಿನಲ್ಲಿ ಬದಲಾಗುವ ಸಾಲುಗಳ ಹಿಂದೆ ಮುಂದೆ ಸಾಮಾನ್ಯವಾಗಿ ಮೂರು ಮೂರು ಬದಲಾಗದ ಸಾಲುಗಳಿರುತ್ತವೆ. ಆ ನೆರೆಹೊರೆಯೇ ಗುರುತು. ಸಾಲಿನ ಸಂಖ್ಯೆ ಬರೀ ಅಂದಾಜು. ನೆರೆಹೊರೆ ಬೇರೆಡೆ ಸಿಕ್ಕರೆ 'ಆಫ್‌ಸೆಟ್' ಎಂದು ವರದಿ ಮಾಡುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಅಂಚಿನ ಒಂದೆರಡು ಸಾಲು ಹೊಂದದಿದ್ದರೂ ಹೊಂದಿಸಿಕೊಂಡೆ ಎಂದರೆ 'ಫಜ಼್'. ಇಲ್ಲಿ ಆ ಜಾಗವನ್ನು ತೆರೆದು ಕಣ್ಣಾರೆ ನೋಡಲೇಬೇಕು, ಏಕೆಂದರೆ ಒಂದೇ ಥರದ ಎರಡು ಫಂಕ್ಷನ್‌ಗಳಿದ್ದರೆ ಸಾಲುಗಳು ತಪ್ಪು ಮನೆಗೆ ಹೋಗಿ ಕೂರಬಹುದು. 'ಫೇಲ್ಡ್' ಎಂದರೆ ನಿಜವಾಗಿ ಹಚ್ಚುವಾಗ ಆ ತುಣುಕನ್ನು ಪ್ರತ್ಯೇಕ ರಿಜೆಕ್ಟ್ ಕಡತಕ್ಕೆ ಬರೆದಿಟ್ಟು ಕೈಬಿಡುತ್ತದೆ ಎಂದರ್ಥ. ಪ್ಯಾಚ್ ಹಚ್ಚಲು ಗಿಟ್‌ನಲ್ಲೇ ಇರುವ 'ಗಿಟ್ ಅಪ್ಲೈ' ಆದೇಶ ಈ ವಿಷಯದಲ್ಲಿ ಕಟ್ಟುನಿಟ್ಟು. ಫಜ಼್ ಎಂಬ ಸಲಿಗೆಯೇ ಅದಕ್ಕಿಲ್ಲ. ಹಳೆಯ ಪ್ಯಾಚಿಗೆ ಲ್ಯಾರಿ ವಾಲ್ 1985ರಲ್ಲಿ ಬರೆದ ಪ್ಯಾಚ್ ಆದೇಶದ ಪರಂಪರೆಯೇ ನನಗೆ ಹೆಚ್ಚು ಒದಗಿದೆ.

ನಿರೀಕ್ಷೆಯಂತೆ ಹಲವು ತುಣುಕುಗಳು ತಿರಸ್ಕೃತವಾದವು. ಅವುಗಳಲ್ಲಿ ಹೆಚ್ಚಿನವು ಸುಲಭದವು. ಹಳೆಯ ಮೂಲಸಂಕೇತದಲ್ಲಿ ಸೆಟ್ಟಿಂಗ್‌ಗಳ ಪಟ್ಟಿ ಒಂದೇ ದೊಡ್ಡ ಕಡತದಲ್ಲಿತ್ತು, ಹೊಸದರಲ್ಲಿ ಅದನ್ನು ಹಲವು ಚಿಕ್ಕ ಕಡತಗಳಾಗಿ ಒಡೆದಿದ್ದಾರೆ. ತುಣುಕನ್ನು ಸರಿಯಾದ ಕಡತಕ್ಕೆ ಕೈಯಿಂದ ಸಾಗಿಸಿದೆ. ಪರದೆಯ ಮೇಲೆ ಕಾಣುವ ಪ್ರತಿ ಮಾತಿಗೂ ಇಂಗ್ಲಿಷ್ ಭಾಷಾ ಕಡತದಲ್ಲಿ ಒಂದು ಹೆಸರು ಬೇಕು. ಕಂಪೈಲ್ ಶುರುವಾದಾಗ ಮೊದಲು ತಯಾರಾಗುವ ಸ್ಟ್ರ್‌ಜೆನ್ ಎಂಬ ಚಿಕ್ಕ ಪ್ರೋಗ್ರಾಂ ಅದನ್ನು ಓದಿ ಪಟ್ಟಿ ಮಾಡುತ್ತದೆ. ಅಲ್ಲಿ ಸೇರಿಸದಿದ್ದರೆ ಹೆಸರು ಘೋಷಣೆಯಾಗಿಲ್ಲ ಎಂದು ಕಂಪೈಲರ್ ತಕ್ಷಣ ನಿಲ್ಲುತ್ತದೆ. ಇಂಥ ದೋಷಗಳು ನನಗೆ ಇಷ್ಟ. ಕಡತ, ಸಾಲು, ಕಾರಣ ಮೂರನ್ನೂ ಹೇಳಿಯೇ ನಿಲ್ಲುತ್ತವೆ.

ನಿಜವಾದ ಕೆಲಸವಿದ್ದುದು ಯಾವ ದೂರೂ ಇಲ್ಲದೆ ಹತ್ತಿದ ತುಣುಕಿನಲ್ಲಿ.

ಆಟದ ಒಳಗಿನ ಅತಿ ಚಿಕ್ಕ ಕಾಲಮಾನಕ್ಕೆ ಟಿಕ್ ಎನ್ನುತ್ತಾರೆ. 74 ಟಿಕ್ ಸೇರಿದರೆ ಒಂದು ದಿನ. ದಿನಾಂಕ ನೋಡಿಕೊಳ್ಳುವ ಕಡತದಲ್ಲಿ ಒಂದು ಎಣಿಕೆ ಪ್ರತಿ ಟಿಕ್‌ಗೆ ಒಂದೊಂದು ಏರುತ್ತದೆ. 74 ಮುಟ್ಟಿದಾಗ ಸೊನ್ನೆಗೆ ಮರಳಿ ದಿನಾಂಕವನ್ನು ಮುಂದೂಡುತ್ತದೆ. ನನ್ನ ಬಳಿ ಇದ್ದ ಪ್ಯಾಚ್ ಆ 74ನ್ನು ಒಂದು ಗುಣಕದಿಂದ ಗುಣಿಸುತ್ತಿತ್ತು. ಗುಣಕ 4 ಎಂದರೆ ದಿನಕ್ಕೆ 296 ಟಿಕ್, ವರ್ಷಕ್ಕೆ ಸುಮಾರು 50 ನಿಮಿಷ. ಓದಲು ಸರಳ, ಹತ್ತಿದ್ದೂ ಸಲೀಸು, ಕಂಪೈಲ್ ಆಯಿತು, ಆಟ ತೆರೆಯಿತು, ಕ್ಯಾಲೆಂಡರ್ ನಿಧಾನವಾಯಿತು.

ಆದರೆ ಆ 74 ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಇಡೀ ಮೂಲಸಂಕೇತದಲ್ಲಿ ಹುಡುಕಿ ಓದುವ ರೂಢಿ ನನ್ನದು. ವಾಹನಗಳ ಕಡತದಲ್ಲಿ ಒಂದು ಸೊಗಸಾದ ಏರ್ಪಾಟಿದೆ. ಪ್ರತಿ ವಾಹನಕ್ಕೂ ದಿನಕ್ಕೊಮ್ಮೆ ವಯಸ್ಸು ಏರಿಸಬೇಕು, ಓಡಿಸಿದ ಖರ್ಚು ಕಳೆಯಬೇಕು. ಸಾವಿರಾರು ವಾಹನಗಳಿಗೆ ಒಂದೇ ಟಿಕ್‌ನಲ್ಲಿ ಇದನ್ನು ಮಾಡಿದರೆ ಆಟ ತಡವರಿಸುತ್ತದೆ. ಅದಕ್ಕಾಗಿ ಕೆಲಸವನ್ನು ದಿನದ ಟಿಕ್‌ಗಳಿಗೆಲ್ಲ ಹಂಚಿದ್ದಾರೆ. ದಿನದ 10ನೆಯ ಟಿಕ್‌ನಲ್ಲಿ ಕ್ರಮಸಂಖ್ಯೆ 10, 84, 158 ಹೀಗೆ 74ರ ಹೆಜ್ಜೆಯಲ್ಲಿ ವಾಹನಗಳನ್ನು ನೋಡಿಕೊಳ್ಳುತ್ತದೆ. ಈಗ ಎಣಿಕೆ 295ರವರೆಗೆ ಹೋಗುತ್ತದೆ, ಹೆಜ್ಜೆ ಮಾತ್ರ 74 ಆಗಿಯೇ ಉಳಿದಿದೆ. ಕಾಗದದ ಮೇಲೆ ಲೆಕ್ಕ ಹಾಕಿದೆ. ಮೊದಲ 74 ವಾಹನಗಳಿಗೆ ದಿನಕ್ಕೊಂದು ಸಲ ಸರದಿ ಬರುತ್ತದೆ. ಕ್ರಮಸಂಖ್ಯೆ 222 ದಾಟಿದವಕ್ಕೆ ನಾಲ್ಕು ಸಲ. ಅಂದರೆ ಮೊದಲು ಕೊಂಡ ರೈಲು ನಿಧಾನವಾಗಿ ಮುದಿಯಾಗುತ್ತದೆ, ಆಮೇಲೆ ಕೊಂಡದ್ದು ನಾಲ್ಕು ಪಟ್ಟು ಬೇಗ. ಆಟ ಎಲ್ಲೂ ಕುಸಿಯುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ವಾಹನಗಳ ಕಡತ ಆ ಪ್ಯಾಚ್‌ನಲ್ಲಿ ಇರಲೇ ಇಲ್ಲವಾದ್ದರಿಂದ ಅದನ್ನಷ್ಟೇ ಓದಿದವರಿಗೆ ಇದು ಕಾಣುವ ಸಾಧ್ಯತೆಯೂ ಇಲ್ಲ.

ಹಾಗಾಗಿ ಆ ತುಣುಕನ್ನು ಕಿತ್ತು ನಾನೇ ಬೇರೆ ಬರೆದೆ. 74ನ್ನು ಮುಟ್ಟದೆ ಅದರ ಕೆಳಗೆ ಇನ್ನೊಂದು ಎಣಿಕೆ ಇಟ್ಟೆ. ಅದು ಪ್ರತಿ ಟಿಕ್‌ಗೆ ಏರುತ್ತದೆ. ಗುಣಕದಷ್ಟಾದಾಗ ಮಾತ್ರ ದಿನದ ಎಣಿಕೆಯನ್ನು ಒಂದು ಸಲ ತಳ್ಳುತ್ತದೆ. ವಾಹನಗಳ ದಿನಚರಿಯೂ ಆ ತಳ್ಳುವಿಕೆಯ ಟಿಕ್‌ನಲ್ಲಿ ಮಾತ್ರ ನಡೆಯುವಂತೆ ಷರತ್ತು ಹಾಕಿದೆ. ಈಗ ಎಲ್ಲ ವಾಹನಗಳಿಗೂ ದಿನಕ್ಕೆ ಒಂದೇ ಸರದಿ.

ಪರೀಕ್ಷೆಗೆ ಎರಡು ನಿಲ್ದಾಣ, ಒಂದು ಹಳಿ, ಒಂದು ರೈಲು ಇಟ್ಟು ವರ್ಷದ ಖರ್ಚನ್ನು ನೋಡಿದೆ. ರೈಲು ಓಡಿಸುವ ಖರ್ಚು ಇರಬೇಕಾದುದಕ್ಕಿಂತ ತೀರಾ ಕಡಿಮೆ ಬರುತ್ತಿತ್ತು. ಗುಣಕ 3 ಇದ್ದಾಗ ಲೆಕ್ಕ ಸರಿ, 4 ಆದೊಡನೆ ಕುಸಿತ. ಕಾರಣ ಅತ್ಯಂತ ಸ್ಪಷ್ಟವಾಗಿ ಸಿಕ್ಕಿತು. ವಾಹನ ಆ ದಿನ ಎಷ್ಟು ಟಿಕ್ ಓಡಿತು ಎಂಬುದನ್ನು ಆಟ ಒಂದು ಬೈಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಬೈಟ್ ಹಿಡಿಯುವುದು 255ರವರೆಗೆ. 74ರ ಮೂರು ಪಟ್ಟು 222, ಅದು ಹಿಡಿಸುತ್ತದೆ. ನಾಲ್ಕು ಪಟ್ಟು 296, ಅದು ಸುತ್ತಿ ಬಂದು 40 ಆಗುತ್ತದೆ. 296 ಟಿಕ್ ಓಡಿದ ರೈಲಿಗೆ 40 ಟಿಕ್‌ನ ಖರ್ಚು! 74 ಟಿಕ್‌ನ ದಿನಕ್ಕೆ ಒಂದು ಬೈಟ್ ಧಾರಾಳವಾಗಿ ಸಾಕು, ಮೂಲ ಬರೆದವರು ಸರಿಯಾಗಿಯೇ ಆಯ್ದಿದ್ದಾರೆ. ದಿನವನ್ನು ಹಿಗ್ಗಿಸಿದವನು ನಾನು, ಪಾತ್ರೆಯನ್ನೂ ನಾನೇ ಹಿಗ್ಗಿಸಬೇಕು. 16 ಬಿಟ್‌ಗೆ ಏರಿಸಿದೆ.

ಏರಿಸಿದ ಮೇಲೆ ಇನ್ನೊಂದು ಸಮಾಧಾನವೂ ದೊರೆಯಿತು. ಗಣಿ, ಕಾರ್ಖಾನೆಗಳ ಉತ್ಪಾದನೆ ಟಿಕ್‌ಗಳ ಲೆಕ್ಕದಲ್ಲಿ ನಡೆಯುತ್ತದೆ, ಕ್ಯಾಲೆಂಡರಿನ ಲೆಕ್ಕದಲ್ಲಲ್ಲ. ವರ್ಷ ನಾಲ್ಕು ಪಟ್ಟು ಉದ್ದವಾದರೆ ವರ್ಷದ ಆದಾಯವೂ ನಾಲ್ಕು ಪಟ್ಟಾಗುತ್ತದೆ. ಓಡಿಸುವ ಖರ್ಚು ಹಳೆಯಷ್ಟೇ ಉಳಿದಿದ್ದರೆ ಹಣ ಸುರಿದು ಆಟ ಸಪ್ಪೆಯಾಗುತ್ತಿತ್ತು. ಟಿಕ್‌ಗಳ ನಿಜವಾದ ಎಣಿಕೆ ಉಳಿದದ್ದರಿಂದ ಖರ್ಚೂ ಅದೇ ಪ್ರಮಾಣದಲ್ಲಿ ಏರಿತು. ಸಾಲದ ಬಡ್ಡಿ, ಆಸ್ತಿ ನಿರ್ವಹಣೆಗಳು ತಿಂಗಳ ಲೆಕ್ಕದವು, ಅವು ಹಗುರವಾದವು. ಅದನ್ನು ಹಾಗೆಯೇ ಬಿಟ್ಟೆ. ಊರುಗಳು ಕೂಡ ಟಿಕ್‌ಗಳ ಲೆಕ್ಕದಲ್ಲಿ ಬೆಳೆಯುವುದರಿಂದ 1960ರ ಹೊತ್ತಿಗೆ ದೊಡ್ಡ ನಗರಗಳಾಗಿಬಿಡುತ್ತವೆ. ನನಗೆ ಅದು ಒಪ್ಪಿಗೆ.

ಆಟವನ್ನು ಉಳಿಸುವ ಭಾಗವನ್ನು ಮರೆಯುವಂತಿಲ್ಲ. ಉಳಿಸಿದ ಕಡತಕ್ಕೆ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಹೊಸ ಎಣಿಕೆಯನ್ನು ಸೇರಿಸಿದಾಗ ಆ ಪಟ್ಟಿಯ ಕೊನೆಯಲ್ಲಿ ಒಂದು ಹೊಸ ಆವೃತ್ತಿ ಹುಟ್ಟಿಸಬೇಕು, ಓಡಿದ ಟಿಕ್‌ಗಳನ್ನು ಹಳೆಯ ಕಡತದಿಂದ 8 ಬಿಟ್ ಆಗಿಯೂ ಹೊಸದರಿಂದ 16 ಬಿಟ್ ಆಗಿಯೂ ಓದಲು ಹೇಳಬೇಕು. ನನ್ನ ಚಿಕ್ಕ ಎಣಿಕೆಯನ್ನೂ ಉಳಿಸಲೇಬೇಕಿತ್ತು. ಹಲವರು ಸೇರಿ ಆಡುವಾಗ ನಡುವೆ ಸೇರುವವನಿಗೆ ಸರ್ವರ್ ಕಳುಹಿಸುವುದು ಉಳಿಸಿದ ಆಟವನ್ನೇ. ಅದರಲ್ಲಿ ಎಣಿಕೆ ಇಲ್ಲದಿದ್ದರೆ ಅವನ ದಿನಾಂಕ ಬೇರೆ ಟಿಕ್‌ನಲ್ಲಿ ಬದಲಾಗಿ ಸಂಪರ್ಕ ಕಡಿದುಹೋಗುತ್ತದೆ. ಇಲ್ಲೊಂದು ಅಪಾಯವನ್ನು ಹೇಳಿಬಿಡುತ್ತೇನೆ. ಅಧಿಕೃತ ಆಟದ ಮುಂದಿನ ಆವೃತ್ತಿ ಅದೇ ಸಂಖ್ಯೆಯನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಪ್ಯಾಚ್ ಹಚ್ಚಿದ ಆಟದ ಉಳಿಕೆಗಳನ್ನು ಬೇರೆ ಫೋಲ್ಡರಿನಲ್ಲಿ ಇಡಿ, ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಯಾವ ಹಂತದ ಮೂಲಸಂಕೇತದಿಂದ) ಕಟ್ಟಿದ ಆಟ ಎಂಬುದನ್ನೂ ಬರೆದಿಡಿ.

2024ರಲ್ಲಿ 14ನೆಯ ಆವೃತ್ತಿ ಬಂದಾಗ ನನ್ನ ಪ್ಯಾಚನ್ನು ಅದಕ್ಕೆ ಸಾಗಿಸಬೇಕಾಗಲಿಲ್ಲ. ಕ್ಯಾಲೆಂಡರಿನ ಕಾಲವನ್ನೂ ಆರ್ಥಿಕತೆಯ ಕಾಲವನ್ನೂ ಮೂಲ ಆಟವೇ ಬೇರ್ಪಡಿಸಿದೆ. ಕ್ಯಾಲೆಂಡರಿನ ಒಂದು ವರ್ಷಕ್ಕೆ ಎಷ್ಟು ನಿಮಿಷ ಎಂಬುದನ್ನು ನಾವೇ ಹೇಳಬಹುದು, ಸೊನ್ನೆ ಕೊಟ್ಟರೆ ಕ್ಯಾಲೆಂಡರ್ ನಿಂತೇಬಿಡುತ್ತದೆ. ಗುಣಕದ ಉಪಾಯಕ್ಕಿಂತ ಇದು ಬಹಳ ಆಳವಾದ ಪರಿಹಾರ. ಅವರು ಬರೆದ ಬದಲಾವಣೆಗಳನ್ನು ಓದುವಾಗ ನಾನು ಅಲೆದ ಕಡತಗಳೇ ಮತ್ತೆ ಎದುರಾದವು, ಯಾವ ಸಾಲು ಏಕೆ ಬದಲಾಯಿತು ಎಂಬುದು ಓದಿದೊಡನೆ ಹೊಳೆಯುತ್ತಿತ್ತು. ಆ ಸಂತೋಷಕ್ಕಾಗಿಯೇ ಈ ಕೆಲಸವನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುತ್ತೇನೆ.

14ನ್ನು ನಾನು ಈಗಲೂ ಸ್ವತಃ ಕಂಪೈಲ್ ಮಾಡಿಕೊಳ್ಳುತ್ತೇನೆ, ಅದಕ್ಕೆ ಕಾರಣ ಕನ್ನಡ. ನನ್ನ ನಕ್ಷೆಯಲ್ಲಿ ನಿಲ್ದಾಣಗಳ ಹೆಸರು ಬೀರೂರು, ಅರಸೀಕೆರೆ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್. 'ಸುಬ್ರಹ್ಮಣ್ಯ' ಎಂಬುದು ನಮಗೆ ನಾಲ್ಕು ಅಕ್ಷರ, ಯುನಿಕೋಡ್‌ನಲ್ಲಿ 11 ಸಂಕೇತ. ಅವುಗಳನ್ನು ಕೂಡಿಸಿ ಒತ್ತಕ್ಷರ ಮಾಡುವ ಕೆಲಸ ಅಕ್ಷರ ಜೋಡಣೆಯ ಲೈಬ್ರರಿಯದು. ಲಿನಕ್ಸ್‌ನಲ್ಲಿ 14ರಿಂದ ಈಚೆಗೆ ಓಪನ್‌ಟಿಟಿಡಿ ಇದಕ್ಕೆ ಐಸಿಯು ಮತ್ತು ಹಾರ್ಫ್‌ಬಜ಼್ ಎರಡನ್ನೂ ಬಳಸುತ್ತದೆ. ಕಂಪೈಲ್ ಮಾಡುವಾಗ ಇವೆರಡರ ಡೆವ್ ಪ್ಯಾಕೇಜ್‌ಗಳು ಇಲ್ಲದಿದ್ದರೆ ಹಲಂತ ಚಿಹ್ನೆಗಳು ಬಿಡಿಬಿಡಿಯಾಗಿ ನಿಂತ ಹೆಸರು ಕಾಣುತ್ತದೆ. ಇದ್ದರೆ ಹ್ಮ, ಣ್ಯ ತಮ್ಮ ಜಾಗದಲ್ಲಿ ಕೂರುತ್ತವೆ. ಸಿಮೇಕ್ ವರದಿಯಲ್ಲಿ ಈ ಎರಡು ಹೆಸರುಗಳೂ 'ಸಿಕ್ಕಿದೆ' ಎಂದು ಬಂದಿವೆಯೇ ನೋಡಿ. ಆಮೇಲೆ ಆಟದ ಸಂರಚನಾ ಕಡತದಲ್ಲಿ ಚಿಕ್ಕ, ಮಧ್ಯಮ, ದೊಡ್ಡ ಮೂರೂ ಫಾಂಟ್‌ಗಳಿಗೆ ನೋಟೋ ಸಾನ್ಸ್ ಕನ್ನಡ ಎಂದು ಬರೆಯಿರಿ. ಚಿಕ್ಕ ಫಾಂಟಿನ ಅಳತೆಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ, ಇಲ್ಲದಿದ್ದರೆ ನಕ್ಷೆಯನ್ನು ದೂರದಿಂದ ನೋಡುವಾಗ ಒತ್ತುಗಳು ಓದಲು ಸಿಗುವುದಿಲ್ಲ.