ಸಣ್ಣ ವ್ಯಾಗನ್ ಸಾಕಾ, ದೊಡ್ಡ ವ್ಯಾನೇ ಬೇಕಾ?

ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಈ ಮಾತು ಬರುತ್ತದೆ. ಇರೋ ಕಾರು ಸಾಲಲ್ಲ, ಒಂದು ದೊಡ್ಡ ವ್ಯಾನ್ ತಗೊಂಡುಬಿಡೋಣ ಅಂತ. ನಮ್ಮಲ್ಲಿರುವುದು ಫೋಕ್ಸ್‌ವ್ಯಾಗನ್ ಕಂಪನಿಯ 2017ರ ಗಾಲ್ಫ್ ಸ್ಪೋರ್ಟ್‌ವ್ಯಾಗನ್, ಅಂದರೆ ಡಿಕ್ಕಿ ಉದ್ದವಾಗಿರುವ ಐದು ಸೀಟಿನ ಕಾರು. ಫೋರ್ಡ್ ಟ್ರಾನ್ಸಿಟ್ ಪ್ಯಾಸೆಂಜರ್ ವ್ಯಾನನ್ನು ಬಾಡಿಗೆಗೆ ತಂದು ಒದ್ದಾಡಿದ್ದೇನೆ. ಹೋಲಿಸುವುದು ಹೇಗೆ ಅಂತ ಅದರ ಮೇಲೆ ಹೇಳುತ್ತೇನೆ.

ಮೊದಲೇ ಸೀಟು ಎಣಿಸಬೇಡಿ. ಕ್ಯಾಲೆಂಡರ್ ತೆಗೆಯಿರಿ. ಹೋದ ವರ್ಷ ಐದು ಜನಕ್ಕಿಂತ ಜಾಸ್ತಿ ಒಟ್ಟಿಗೆ ಓಡಾಡಿದ್ದು ಎಷ್ಟು ದಿನ? ನಮ್ಮದು ಒಂಬತ್ತು ದಿನ ಬಂತು. ಉಳಿದ ದಿನವೆಲ್ಲ ನಾನೊಬ್ಬ, ಹಿಂದೆ ಮಗಳ ಸೀಟು, ಡಿಕ್ಕಿಯಲ್ಲಿ ಸೋನಾ ಮಸೂರಿ ಮೂಟೆ. ಅಷ್ಟಕ್ಕೆ ವ್ಯಾನ್ ಸಾಕುವುದು ಆನೆ ಸಾಕಿದ ಹಾಗೆ.

ಆಮೇಲೆ ಟೇಪ್ ಹಿಡಿದು ಗ್ಯಾರೇಜಿಗೆ ಹೋಗಿ. ವ್ಯಾಗನ್ ಉದ್ದ 15 ಅಡಿ. 12 ಜನರ ಟ್ರಾನ್ಸಿಟ್ ಹತ್ತಿರ ಹತ್ತಿರ 20 ಅಡಿ, 15 ಜನರದ್ದು 22 ಅಡಿ. ಎತ್ತರವೇ ನಿಜವಾದ ತಲೆನೋವು. ತಗ್ಗು ಛಾವಣಿಯದ್ದು 7 ಅಡಿಗೆ ಒಂದೆರಡು ಇಂಚು ಕಡಿಮೆ, ಮಧ್ಯಮ ಛಾವಣಿಯದ್ದು 8 ಅಡಿ ದಾಟುತ್ತದೆ. ಇಲ್ಲಿನ ಸಾಮಾನ್ಯ ಗ್ಯಾರೇಜ್ ಬಾಗಿಲು 7 ಅಡಿ, ಲೆಕ್ಕ ನೀವೇ ಹಾಕಿ. ನನಗೆ ಬಾಡಿಗೆಯವರು ತಗ್ಗಿನದ್ದು ಅಂತ ಹೇಳಿ ಮಧ್ಯಮದ್ದು ಕೊಟ್ಟಿದ್ದರು. ನಾನೂ ನೋಡಲಿಲ್ಲ. ಏರ್‌ಪೋರ್ಟ್ ಪಾರ್ಕಿಂಗ್ ಬಾಯಲ್ಲಿ ಎತ್ತರದ ಮಿತಿ ತೋರಿಸಲು ನೇತುಬಿಟ್ಟ ಹಳದಿ ಕೊಳವೆ ಛಾವಣಿಗೆ ಟಣ್ ಅಂತ ಬಡಿಯಿತು. ಹಿಂದೆ ಆರು ಕಾರು, ಎಲ್ಲರದ್ದೂ ಹಾರ್ನ್. ಕೈಗೆ ಕೀ ಬಂದ ಕೂಡಲೇ ವಾಹನದ ಎತ್ತರ ಕೇಳಿ, ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ.

ಲಗೇಜ್ ವಿಷಯದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಊರಿಂದ ಬರುವವರ ಹತ್ತಿರ ತಲಾ 23 ಕೆಜಿಯ ಎರಡು ಸೂಟ್‌ಕೇಸ್ ಇರುತ್ತದೆ, ಮಿಡಿ ಉಪ್ಪಿನಕಾಯಿ ಡಬ್ಬ ಸೇರಿ. ಗಾಲ್ಫ್ ವ್ಯಾಗನ್ನಿನ ಹಿಂದಿನ ಸೀಟು ಎತ್ತಿದ್ದಾಗಲೂ ಡಿಕ್ಕಿ 30 ಘನ ಅಡಿ, ಮಡಿಸಿದರೆ 66. ನಾಲ್ಕು ದೊಡ್ಡ ಪೆಟ್ಟಿಗೆ ಸ್ವಲ್ಪ ತಿರುಗಿಸಿ ಮುರುಗಿಸಿ ಇಟ್ಟರೆ ಕೂರುತ್ತವೆ. ವ್ಯಾನ್ ಇಷ್ಟು ದೊಡ್ಡದಲ್ವಾ ಅಂತ ಅಂದುಕೊಂಡರೆ ಕೆಟ್ಟಿರಿ: ಎಲ್ಲ ಸೀಟಲ್ಲೂ ಜನ ಕೂತರೆ ಕೊನೆಯ ಸಾಲಿನ ಹಿಂದೆ ಬ್ಯಾಗಿಗೆ ಜಾಗವೇ ಕಮ್ಮಿ. ಅದಕ್ಕೇ 10 ಜನಕ್ಕೆ 15ರ ವ್ಯಾನ್ ಕೇಳುವುದು.

ಪೆಟ್ರೋಲ್ ಲೆಕ್ಕ ಮಾತ್ರ ನನಗೇ ಆಶ್ಚರ್ಯ ಆಯಿತು. ನ್ಯೂಜೆರ್ಸಿಯ ಎಡಿಸನ್‌ನಿಂದ ಪಿಟ್ಸ್‌ಬರ್ಗ್ ವೆಂಕಟೇಶ್ವರನ ದರ್ಶನಕ್ಕೆ ಹೋಗಿ ಬರಲು ಸುಮಾರು 700 ಮೈಲಿ. ಗ್ಯಾಲನ್ನಿಗೆ 30 ಮೈಲಿ ಕೊಡುವ ವ್ಯಾಗನ್ನಿಗೆ 23 ಗ್ಯಾಲನ್, 15 ಕೊಡುವ ವ್ಯಾನಿಗೆ 47. ಆದರೆ 12 ಜನ ಹೋಗಲು ಮೂರು ವ್ಯಾಗನ್ ಬೇಕು, ಅಂದರೆ 70 ಗ್ಯಾಲನ್, ಜೊತೆಗೆ ಮೂರು ಟೋಲ್, ಮೂವರು ಡ್ರೈವರು. ತುಂಬಿದ ವ್ಯಾನ್ ಅಗ್ಗ, ಖಾಲಿ ವ್ಯಾನ್ ದುಬಾರಿ.

ಅಮ್ಮನಿಗೆ ವ್ಯಾಗನ್ನೇ ಇಷ್ಟ. ಬಾಗಿಲು ತೆಗೆದು ಹಾಗೇ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ವ್ಯಾನಿಗೆ ಒಂದು ಕೈಲಿ ಸೀರೆ ನೆರಿಗೆ ಎತ್ತಿ, ಇನ್ನೊಂದು ಕೈಲಿ ಹಿಡಿ ಹಿಡಿದು, ಮಂಡಿಗೊಂದು ಬೈಗುಳ ಬೈದು ಹತ್ತಬೇಕಿತ್ತು. ಕೊಳ್ಳುವ ಮೊದಲು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಿ, ಬರೀ ಡ್ರೈವರ್ ಸೀಟಲ್ಲಿ ಕೂತು ಬರಬೇಡಿ.

ಇನ್ನು ಜೀವದ ವಿಷಯ. ವ್ಯಾನಿನಲ್ಲಿ ಜನ ಜಾಸ್ತಿಯಾದಷ್ಟೂ ಭಾರ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ, ಗಕ್ಕನೆ ತಿರುಗಿಸಿದರೆ ಪಲ್ಟಿ ಹೊಡೆಯುವ ಅಪಾಯ ಹೆಚ್ಚು. 15 ಸೀಟಿನ ವ್ಯಾನ್‌ಗಳ ಬಗ್ಗೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2001ರಲ್ಲೇ ಎಚ್ಚರಿಸಿದೆ. ಜನ ಕಮ್ಮಿ ಇದ್ದರೆ ಮುಂದಿನ ಸಾಲುಗಳಲ್ಲಿ ಕೂರಿಸಿ. ಛಾವಣಿ ಮೇಲೆ ಏನೂ ಕಟ್ಟಬೇಡಿ. ಹಳೆಯದು ಕೊಳ್ಳುವುದಾದರೆ 2012ರ ನಂತರದ ಮಾಡೆಲ್ ನೋಡಿ, ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಆಗಿನಿಂದ ಕಡ್ಡಾಯ.

ಡ್ರೈವರ್ ಸೇರಿ 15 ಜನರ ತನಕ ಸಾಮಾನ್ಯವಾಗಿ ಮಾಮೂಲಿ ಲೈಸೆನ್ಸ್ ನಡೆಯುತ್ತದೆ, 16 ಆದರೆ ಕಮರ್ಷಿಯಲ್ ಬೇಕು. ನಿಮ್ಮ ರಾಜ್ಯದ ನಿಯಮ ಒಮ್ಮೆ ಓದಿ. ಕ್ರೆಡಿಟ್ ಕಾರ್ಡಿನ ಬಾಡಿಗೆ ವಿಮೆ ಬಹಳ ಸಲ ಇಂಥ ವ್ಯಾನಿಗೆ ಅನ್ವಯಿಸುವುದಿಲ್ಲ, ಸುಮ್ನೆ ನಂಬಿ ಹೊರಡಬೇಡಿ.

ನಾನು ವ್ಯಾಗನ್ ಇಟ್ಟುಕೊಂಡೆ. ಆ ಒಂಬತ್ತು ದಿನಕ್ಕೆ ವ್ಯಾನ್ ಬಾಡಿಗೆ. ವಾರಕ್ಕೆ ಎರಡು ಸಲ ಏಳು ಜನ ಹೋಗುವ ಮನೆಯಾದರೆ ಎರಡನ್ನೂ ಬಿಟ್ಟು ಒಂದು ಮಿನಿವ್ಯಾನ್ ನೋಡಿ. ಬಾಡಿಗೆ ವ್ಯಾನ್ ಹೊರಡಿಸುವ ಮುಂಚೆ ಮಾತ್ರ ಬಗ್ಗಿ ಟೈರ್ ಗೋಡೆ ನೋಡಿ: DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ತೀರಾ ಹಳೆಯದಾದರೆ ಬೇರೆ ಗಾಡಿ ಕೇಳಿ, ಸಂಕೋಚ ಪಡಬೇಡಿ.